ಹಾಸನದಲ್ಲಿ ಕೂತು ನ್ಯೂಯಾರ್ಕ್ ಸನ್ನದು ಉಳಿಸಿಕೊಂಡದ್ದು

ನಾನು ನ್ಯೂಯಾರ್ಕ್‌ನಲ್ಲೂ ವಕೀಲಿ ಸನ್ನದು ಪಡೆದವಳು. ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಬಂದೆ, ಇಲ್ಲೇ ಉಳಿದೆ. ಈಗ ಹಾಸನದ ಕೋರ್ಟಿನಲ್ಲಿ ಪಾಲಿನ ದಾವೆಗಳು, ಸಕಲೇಶಪುರ ಕಡೆಯ ತೋಟಗಳ ಗಡಿ ತಕರಾರುಗಳು. ಆದರೂ ಎರಡು ವರ್ಷಕ್ಕೊಮ್ಮೆ, ಹುಟ್ಟುಹಬ್ಬ ಕಳೆದು 30 ದಿನದೊಳಗೆ, ಅಲ್ಲಿನ ನೋಂದಣಿ ನವೀಕರಿಸಬೇಕು. ಆ ಎರಡು ವರ್ಷದಲ್ಲಿ ಸನ್ನದು ಪಡೆದ ಮೇಲೂ ವಕೀಲರು ಕಲಿಯುತ್ತಿರಬೇಕಾದ ಕಾನೂನು ಶಿಕ್ಷಣ 24 ಗಂಟೆ ಮುಗಿಸಿರಬೇಕು, ಅದರಲ್ಲಿ ವೃತ್ತಿನೀತಿಗೇ ಕನಿಷ್ಠ 4. ಅವರ ಲೆಕ್ಕದಲ್ಲಿ ಗಂಟೆಗೆ 50 ನಿಮಿಷ.

ಗೆಳತಿಯೊಬ್ಬಳು, "ಫಾರಂನಲ್ಲಿ ನಿವೃತ್ತಿ ಅಂತ ಗುರುತು ಹಾಕಿಬಿಡೇ, 375 ಡಾಲರ್ ನೋಂದಣಿ ಶುಲ್ಕಾನೂ ಉಳಿಯುತ್ತೆ" ಅಂದಳು. ಹಾಕಿಯೇಬಿಡುತ್ತಿದ್ದೆ. ಮನಸ್ಸು ತಡೆಯದೆ ರಾತ್ರಿ ನಿಯಮ ತೆಗೆದು ಓದಿದೆ. ನಿವೃತ್ತಿಯ ವಿಷಯದಲ್ಲಿ ವಕೀಲಿ ಎಂದರೆ ನ್ಯೂಯಾರ್ಕ್‌ನಲ್ಲಿ ಮಾಡುವುದಷ್ಟೇ ಅಲ್ಲ, ಬೇರೆಲ್ಲಿ ಮಾಡಿದರೂ ವಕೀಲಿಯೇ. ಬೆಳಗಾದರೆ ಹಾಸನದಲ್ಲಿ ವಕಾಲತ್ತು ಹಾಕುವವಳು ನಿವೃತ್ತಳು ಹೇಗಾದೇನು? ಶಿಕ್ಷಣದ ವಿನಾಯಿತಿ ಬೇರೆಯೇ. ಆ ಅವಧಿಯುದ್ದಕ್ಕೂ ನ್ಯೂಯಾರ್ಕ್‌ನಲ್ಲಿ ವಕೀಲಿ ಮಾಡದಿದ್ದರೆ ಸಾಕು. ಅದಕ್ಕೆ ಪ್ರತ್ಯೇಕ ಅರ್ಜಿಯೂ ಬೇಡ, ನೋಂದಣಿ ಫಾರಂನಲ್ಲೇ ದೃಢೀಕರಿಸಬೇಕು. ಶುಲ್ಕ ಕಟ್ಟಿದೆ, ವಿನಾಯಿತಿ ಪಡೆದೆ.

ಕಷ್ಟವಾದದ್ದು ಫಾರಂನಲ್ಲಿ ಕೊಟ್ಟ ಆ ಮಾತಿಗೆ ತಕ್ಕಂತೆ ನಡೆದುಕೊಳ್ಳುವುದು. ತೋಟದ ಕೇಸಿನ ಹಿರಿಯರೊಬ್ಬರು ವಾಯಿದೆ ಮುಗಿಸಿ ಹೊರಗೆ ಬಂದವರು ಮೊಬೈಲ್ ಮುಂದೆ ಹಿಡಿದರು. "ಲಾಯರಮ್ಮ, ಮಗಂದು ನ್ಯೂಯಾರ್ಕ್ ಮನೆ ಬಾಡಿಗೆ ಕರಾರು. ಓನರ್ರು ಅಡ್ವಾನ್ಸ್ ಕೊಡ್ತಿಲ್ವಂತೆ. ಒಂದ್ಸಲ ನೋಡಿ ಹೇಳ್ಬಿಡಿ." ನೋಡಲಿಲ್ಲ. ಇಂಥ ವ್ಯಕ್ತಿಗೆ, ಇಂಥ ಸಂದರ್ಭಕ್ಕೆ ಎಂದು ಕೊಡುವ ಸಲಹೆಯೇ ವಕೀಲಿ ಎಂದು ನಿಯಮ ಹೇಳುತ್ತದೆ. ಫೀಸು ತೆಗೆದುಕೊಳ್ಳದಿದ್ದರೂ, ಮೆಟ್ಟಿಲ ಮೇಲೆ ನಿಂತು ಹೇಳಿದರೂ ಸಲಹೆ ಸಲಹೆಯೇ ಅಂತ ನನ್ನ ಎಣಿಕೆ. "ಅಲ್ಲೇ ಓದಿದೋರಲ್ವಾ ನೀವು?" ಅಂದರು. ನೊಂದುಕೊಂಡರು, ನನಗೂ ಸಂಕಟವಾಯಿತು. ಮಗನಿಗೆ ಅಲ್ಲಿನ ವಕೀಲರನ್ನೇ ಕಾಣಲು ಹೇಳಿ ಅಂದು ಕೈಮುಗಿದೆ. ಅಂದಿನಿಂದ ಇಂಥ ಕೇಳಿಕೆ ಬಂದ ದಿನ, ನಾನು ಕೊಟ್ಟ ಉತ್ತರ ಎರಡನ್ನೂ ಡೈರಿಯ ಕೊನೆಯ ಪುಟಗಳಲ್ಲಿ ಬರೆದಿಡುತ್ತೇನೆ. ಮುಂದಿನ ಫಾರಂಗೆ ಸಹಿ ಹಾಕುವ ಮುನ್ನ ಅವನ್ನೇ ಓದುವುದು.

ಈಗ ನಿಜವಾಗಿಯೂ ಒಂದು ನ್ಯೂಯಾರ್ಕ್ ಕೆಲಸ ಬಂದಿದೆ. ಒಪ್ಪಿಕೊಂಡ ದಿನವೇ ವಿನಾಯಿತಿ ಮುಗಿಯಿತು. ಅಲ್ಲಿಂದ ಅವಧಿ ಮುಗಿಯುವವರೆಗಿನ ಪ್ರತಿ ಪೂರ್ಣ ತಿಂಗಳಿಗೆ ಒಂದರಂತೆ ಗಂಟೆ ಕೂಡಿಸಬೇಕು. ಎಣಿಸಿದೆ, ನನಗೆ 14 ಬರುತ್ತವೆ. ವೃತ್ತಿನೀತಿಯ ಪಾಠದಿಂದಲೇ ಶುರುಮಾಡುತ್ತೇನೆ.