ಶಿರೋಕಾ ಲಕಾ: ಒಂದು ಬೆಟ್ಟದ ಹಳ್ಳಿಯ ಚರಿತ್ರೆ ನಾನು ಕೇಳಿ ತಿಳಿದ ಬಗೆ

ಬಲ್ಗೇರಿಯಾದ ಹಳ್ಳಿಗಳಲ್ಲಿ ಮನೆ ಬಾಗಿಲಿಗೆ, ಮರಕ್ಕೆ, ಬಸ್ ಸ್ಟಾಪಿಗೆ ಒಂದು ಹಾಳೆ ಅಂಟಿಸಿರುತ್ತಾರೆ. ತೀರಿಕೊಂಡವರ ಫೋಟೋ, ಹೆಸರು, ವಯಸ್ಸು. ನೆಕ್ರೊಲೋಗ್ ಅಂತಾರೆ. ಸತ್ತಾಗ ಒಂದು, ನಲವತ್ತನೇ ದಿನಕ್ಕೆ ಇನ್ನೊಂದು, ಆಮೇಲೆ ವರ್ಷಕ್ಕೆ. ಪ್ಲೊವ್‌ಡಿವ್‌ನಲ್ಲಿ ಕೆಲಸ ಮಾಡುವ ನಾನು ರಜೆ ಸಿಕ್ಕಾಗ ರೊದೊಪಿ ಬೆಟ್ಟಗಳ ಹಳ್ಳಿ ಸುತ್ತುತ್ತೇನೆ. ಎಲ್ಲೇ ಹೋದರೂ ಮೊದಲು ಓದುವುದು ಇವನ್ನೇ. ಊರಿನಲ್ಲಿ ಯಾವ ಮನೆತನಗಳಿವೆ, ಯಾವ ಮನೆಗೆ ಎಂದು ಬೀಗ ಬಿತ್ತು, ಅಂದಾಜು ಸಿಗುತ್ತದೆ.

ಶಿರೋಕಾ ಲಕಾ ಇರುವುದು ಈ ಬೆಟ್ಟಗಳಲ್ಲೇ, ಸ್ಮೋಲ್ಯಾನ್ ಪಟ್ಟಣದ ಹತ್ತಿರ, ಹೊಳೆಯ ಎರಡೂ ದಡದಲ್ಲಿ. ಡೊಂಕು ಬೆನ್ನಿನ ಕಲ್ಲು ಸೇತುವೆಗಳು. ಮನೆಗಳ ಕೆಳಭಾಗ ಕಲ್ಲು, ಅದು ದನಕುರಿಗೆ. ಮೇಲಿನ ಮಹಡಿ ಓಣಿಯ ಕಡೆಗೆ ಚಾಚಿಕೊಂಡಿದೆ. ಆಲೂಗಡ್ಡೆ, ಬೀನ್ಸ್ ಬೆಳೆಯುವ ಬೆಟ್ಟದಲ್ಲಿ ಇಷ್ಟು ದೊಡ್ಡ ಮನೆ ಕಟ್ಟೋಕೆ ದುಡ್ಡು ಎಲ್ಲಿಂದ ಬಂತು?

"ಊರಿನ ಇತಿಹಾಸ ಹೇಳಿ" ಅಂದರೆ ಎಲ್ಲರೂ 1834ರ ಚರ್ಚಿಗೇ ಹೋಗುತ್ತಾರೆ. ಬರೀ 38 ದಿನದಲ್ಲಿ ಕಟ್ಟಿದರಂತೆ. ಚೆನ್ನಾಗೇ ಇದೆ, ಆದರೆ ಪ್ರವಾಸಿಗರಿಗೆ ಹೇಳಿ ಹೇಳಿ ಸವೆದ ಕಥೆ. ಅದಕ್ಕೇ ನಾನು ಇತಿಹಾಸ ಕೇಳುವುದಿಲ್ಲ, ಅವರ ತಾತ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳುತ್ತೇನೆ. ಅದೂ ಅಡುಗೆಮನೆಯಲ್ಲಿ, ಕೈಗೊಂದು ಕೆಲಸ ಹಚ್ಚಿಕೊಂಡು.

ನಾನು ಇಳಿದುಕೊಂಡಿದ್ದ ಮನೆಯ ಅಜ್ಜಿ ಪತಾತ್ನಿಕ್ ಮಾಡುತ್ತಿದ್ದರು. ತುರಿಯುವ ಕೆಲಸ ನನ್ನದು. ಆಲೂಗಡ್ಡೆ ತುರಿಯನ್ನು ಮುಷ್ಟಿಯಲ್ಲಿ ಹಿಂಡಿ ನೀರು ತೆಗೆದರು. ಈರುಳ್ಳಿ, ಉಪ್ಪು, ಒಂದು ಹಿಡಿ ಪುದೀನ ಕಲಸಿ ಬಾಣಲೆಗೆ ದಪ್ಪಗೆ ತಟ್ಟಿ, ಸಣ್ಣ ಉರಿಯಲ್ಲಿ ಬಿಟ್ಟರು. ತಳ ಕೆಂಪಾದ ಮೇಲೆ ತಟ್ಟೆಗೆ ಕವುಚಿ ಮತ್ತೆ ಬಾಣಲೆಗೆ ಜಾರಿಸಬೇಕು. ಗಂಟೆಗಟ್ಟಲೆ ಮಾತಾಡೋಕೆ ಇದಕ್ಕಿಂತ ಒಳ್ಳೆ ಅಡುಗೆ ಇಲ್ಲ.

ಮನೆ ಕಟ್ಟೋಕೆ ದುಡ್ಡು ಎಲ್ಲಿಂದ ಅನ್ನೋದಕ್ಕೆ ಸಿಕ್ಕ ಉತ್ತರ: ಕುರಿ. ಅಕ್ಟೋಬರ್ 26ರ ಸಂತ ದಿಮಿತರ್ ಹಬ್ಬದ ಹೊತ್ತಿಗೆ ಮಂದೆಗಳು ದಕ್ಷಿಣಕ್ಕೆ, ಏಜಿಯನ್ ಸಮುದ್ರದ ಪಕ್ಕದ ಬೆಚ್ಚಗಿನ ಬಯಲಿಗೆ ಇಳಿಯುತ್ತಿದ್ದವು. ಮೇ 6ರ ಸಂತ ಗಿಯೋರ್ಗಿ ಹಬ್ಬದ ಹೊತ್ತಿಗೆ ವಾಪಸ್. ಉಣ್ಣೆ, ಉಣ್ಣೆ ಬಟ್ಟೆ, ಅದನ್ನು ಹೊಲಿಯುವ ದರ್ಜಿಗಳು, ಮನೆಗಳಿಗೆ ದುಡ್ಡು ಬಂದಿದ್ದು ಇವುಗಳಿಂದ. 1878ರಲ್ಲಿ ಬಲ್ಗೇರಿಯಾ ಆಟೊಮನ್ ತುರ್ಕರಿಂದ ಬಿಡುಗಡೆಯಾದರೂ ಸ್ಮೋಲ್ಯಾನ್ ಸೀಮೆ 1912ರವರೆಗೆ ಅವರ ಕೈಯಲ್ಲೇ ಇತ್ತು. ಕುರಿಗಾಹಿಗಳ ಮಟ್ಟಿಗೆ ಅದೊಂದು ಅನುಕೂಲ ಅಂತ ನನಗನಿಸುತ್ತದೆ: ಬೆಟ್ಟದಿಂದ ಸಮುದ್ರದವರೆಗೆ ಒಂದೇ ರಾಜ್ಯ. ಮೊದಲ ಮಹಾಯುದ್ಧದಲ್ಲಿ ಸೋತು, 1919ರ ನ್ಯೂಯಿ ಒಪ್ಪಂದದಲ್ಲಿ ಬಲ್ಗೇರಿಯಾ, ಅಷ್ಟರಲ್ಲಿ ತನ್ನ ಕೈಗೆ ಬಂದಿದ್ದ ಆ ಕರಾವಳಿ ಬಿಟ್ಟುಕೊಟ್ಟಿತು. ಕುರಿ ಗಡಿಯ ಈಚೆ, ಚಳಿಗಾಲದ ಮೇವು ಆಚೆ. ಮಂದೆ ಕರಗಿತು.

ಇದು ಗೊತ್ತಾದ ಮೇಲೆ ಮಾರ್ಚ್ ಮೊದಲ ಭಾನುವಾರದ ಕುಕೇರಿ ಕುಣಿತ ಬೇರೆಯೇ ಥರ ಕಾಣಿಸಿತು. ಚಳಿಗಾಲವನ್ನೂ ಕೆಟ್ಟದ್ದನ್ನೂ ಓಡಿಸುವ ವೇಷ ಅದು. ಮೈಮೇಲಿನ ಚರ್ಮ ಆಡು-ಕುರಿಯದು, ಸೊಂಟಕ್ಕೆ ಕಟ್ಟಿದ್ದು ಮಂದೆಯ ಗಂಟೆಗಳು. ಜೊತೆಗೆ ನುಡಿಯುವುದು ಚೀಲಕ್ಕೆ ಗಾಳಿ ತುಂಬಿ ನುಡಿಸುವ ಗಾಯ್ದಾ, ಆ ಚೀಲವೂ ಆಡಿನ ಚರ್ಮವೇ.

ಕೇಳಿದ್ದನ್ನೆಲ್ಲ ನಾನು ಚಿತಾಲಿಷ್ಟೆಯಲ್ಲಿ ಹೋಲಿಸಿ ನೋಡುತ್ತೇನೆ. ಊರಿನ ವಾಚನಾಲಯ, ಹಾಡು-ಕುಣಿತದ ಮನೆ ಎರಡೂ ಅದೇ. ಬಲ್ಗೇರಿಯಾದ ಇಂಥ ಚಿತಾಲಿಷ್ಟೆಗಳನ್ನು 2017ರಲ್ಲಿ ಯುನೆಸ್ಕೊ ಕೂಡ ಗುರುತಿಸಿತು. ಅಲ್ಲಿ ಹಳೆ ಫೋಟೋ ತೋರಿಸಿ "ಇದು ಮಂದೆ ಇಳಿಯುವಾಗಿನದಾ?" ಅಂದರೆ ತಲೆ ಅಡ್ಡ ಆಡಿಸುತ್ತಾರೆ. ಹೌದು ಅಂತ ಅರ್ಥ! ನಮ್ಮವರಿಗೆ ಇದೇನೂ ಕಷ್ಟ ಅಲ್ಲ, ಅಲ್ವಾ? ಗ್ರೀಸ್ ಕಡೆ ಕ್ಸಾಂಥಿಯ ಬಯಲಿನಲ್ಲಿ ಆ ಕುರಿ ಹಾದಿಯ ಇನ್ನೊಂದು ತುದಿ ನೋಡುವುದು ಬಾಕಿ ಇದೆ.