ಗೋಸುಂಬೆ ಸಾಕೋ ಆಸೆನಾ? ಪಂಜರ ಬೇಡ, ಬೇಲಿ ಬೆಳೆಸಿ

ಆರನೇ ಕ್ಲಾಸಲ್ಲಿದ್ದಾಗ ಬನವಾಸಿ ರೋಡಿನ ಬೇಲಿಯಿಂದ ಒಂದು ಗೋಸುಂಬೆ ಹಿಡ್ಕೊಂಡು ಬಂದು ಗಿಳಿ ಪಂಜರದಲ್ಲಿ ಇಟ್ಟಿದ್ದೆ, ಒಳಗೊಂದು ಗರಟೆ ತುಂಬ ನೀರು, ಎರಡು ದಾಸವಾಳದ ಟೊಂಗೆ, ದಿನಾ ನಾಲ್ಕೈದು ಮಿಡತೆ. ಅದು ನೀರಿನ ಕಡೆ ತಿರುಗಿ ನೋಡ್ಲೇ ಇಲ್ಲ. ದಿನ ಕಳೆದ ಹಾಗೆ ಆ ಉಬ್ಬಿದ ಕಣ್ಣೆರಡೂ ಒಳಗೆ ಕುಸಿದ್ವು, ಒಂಬತ್ತನೇ ದಿನ ಬೆಳಿಗ್ಗೆ ನೋಡಿದ್ರೆ ಟೊಂಗೆಯಿಂದ ಕೆಳಗೆ ಬಿದ್ದು ಸತ್ತಿತ್ತು, ಪಕ್ಕದಲ್ಲಿ ಗರಟೆ ನೀರು ಹಾಗೇ ಇತ್ತು. ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು, ನಿಂತ ನೀರನ್ನ ಗೋಸುಂಬೆ ಸಾಮಾನ್ಯವಾಗಿ ಕುಡಿಯೋದೇ ಇಲ್ಲ, ಎಲೆ ಮೇಲಿನ ಹನಿ ನೆಕ್ಕೇ ಅದು ಬದುಕೋದು ಅಂತ. ಈಗಲೂ ಆ ಗರಟೆ ನೆನಪಾದ್ರೆ ಹೊಟ್ಟೆ ಕಿವುಚಿದ ಹಾಗಾಗತ್ತೆ. ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು, ನಿಮ್ಮ ಹಿತ್ತಲಲ್ಲಿ ಇರೋದು ಗೋಸುಂಬೆನಾ ಓತಿಕ್ಯಾತನಾ ನೋಡ್ಕೊಳ್ಳಿ. ಬೇಲಿಗೂಟದ ಮೇಲೆ ಕೂತು ತಲೆ ಆಡಿಸೋದು, ಕುತ್ತಿಗೆ ಕೆಂಪಾಗೋದು, ಜನ ಕಂಡ್ರೆ ಸರ್ರ್ ಅಂತ ಓಡೋದು ಓತಿಕ್ಯಾತ. ಗೋಸುಂಬೆ ಓಡಲ್ಲ. ಒಂದು ಹೆಜ್ಜೆ ಎತ್ತಿ ಗಾಳಿಗೆ ಅಲ್ಲಾಡೋ ಎಲೆ ಥರ ಹಿಂದೆ ಮುಂದೆ ತೂಗಿ ಆಮೇಲೆ ಇಡತ್ತೆ. ಹತ್ತಿರದಿಂದ ಕಾಲು ನೋಡಿ, ಐದು ಬೆರಳು ಇಕ್ಕಳದ ಹಾಗೆ ಎರಡು ಗುಂಪಾಗಿರತ್ತೆ, ಮುಂಗಾಲಲ್ಲಿ ಒಳಗೆ ಮೂರು ಹೊರಗೆ ಎರಡು, ಹಿಂಗಾಲಲ್ಲಿ ಅದು ಉಲ್ಟಾ. ಬಾಲದ ತುದಿ ಟೊಂಗೆಗೆ ಸುತ್ಕೊಂಡಿರತ್ತೆ, ಒಂದು ಕಣ್ಣು ನಿಮ್ಮನ್ನ ನೋಡ್ತಿದ್ರೆ ಇನ್ನೊಂದು ಹಿಂದಿನ ನೊಣ ಹುಡುಕ್ತಿರತ್ತೆ. ನಮ್ಮಲ್ಲಿ ಬನವಾಸಿ, ಮುಂಡಗೋಡ ಕಡೆ, ಅಂದ್ರೆ ಮಲೆನಾಡು ಮುಗಿದು ಬಯಲು ಶುರುವಾಗೋ ಜಾಗದಲ್ಲಿ ನಾನು ಇದನ್ನ ಹೆಚ್ಚು ನೋಡಿದ್ದೀನಿ. ವಿಷ ಇದೆ, ಕಂಡ್ರೆ ಅಪಶಕುನ ಅಂತ ಕಲ್ಲು ಹೊಡೆಯೋರು ಇವತ್ತಿಗೂ ಇದ್ದಾರೆ. ವಿಷ ಇಲ್ಲವೇ ಇಲ್ಲ, ಕೈಗೆ ಸಿಕ್ಕಿಹಾಕ್ಕೊಂಡ್ರೆ ಕಚ್ಚೀತು ಅಷ್ಟೇ.

ಎರಡನೇದು ಕಾನೂನು. ನಮ್ಮ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ, ಹಿಡಿಯೋದು, ಸಾಕೋದು, ಮಾರೋದು ಎಲ್ಲಾ ಅಪರಾಧ. ಮೊಬೈಲಲ್ಲಿ ಫೋಟೊ ಹಾಕಿ ಮಾರಾಟಕ್ಕಿದೆ ಅನ್ನೋರ ಹತ್ರ ದುಡ್ಡು ಕೊಟ್ರೆ ನೀವೂ ಸಿಕ್ಕಿಹಾಕ್ಕೋತೀರಿ. ಹೊರದೇಶದ ಗೋಸುಂಬೆ ಜಾತಿಗಳಾದ ವೇಲ್ಡ್ ಕೆಮಿಲಿಯನ್, ಪ್ಯಾಂಥರ್ ಕೆಮಿಲಿಯನ್ ಲೆಕ್ಕ ಬೇರೆ, ಅವನ್ನ ಇಟ್ಕೊಂಡೋರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ವೆಬ್‌ಸೈಟಲ್ಲಿ ನೋಂದಣಿ ಮಾಡಿಸಬೇಕು. ಅಂಥದ್ದು ಈಗಾಗಲೇ ಮನೇಲಿದ್ರೆ ಇಷ್ಟಾದ್ರೂ ಮಾಡಿ: ಗಾಜಿನ ಪೆಟ್ಟಿಗೆ ಬೇಡ, ಗಾಳಿಯಾಡೋ ಜಾಲರಿಯ ಎತ್ತರದ ಗೂಡು ಬೇಕು, ದೊಡ್ಡದಕ್ಕೆ ನಾಲ್ಕಡಿ ಎತ್ತರ. ಒಂದು ಗೂಡಿಗೆ ಒಂದೇ ಪ್ರಾಣಿ, ಜೊತೆ ಇಟ್ರೆ ಎರಡೂ ಕೊರಗ್ತವೆ. ದಿನಕ್ಕೆ ಸುಮಾರು ಹನ್ನೆರಡು ಗಂಟೆ ಯುವಿಬಿ ಲೈಟು (ಬಿಸಿಲಲ್ಲಿರೋ ಅತಿನೇರಳೆ ಕಿರಣ ಕೊಡೋ ದೀಪ), ಮಿಡತೆ ಜೀರುಂಡೆಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡೋದು, ಇವೆರಡು ತಪ್ಪಿದ್ರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟ ಆಗತ್ತೆ. ಬೆಳಿಗ್ಗೆ ಸಂಜೆ ಎಲೆಗೆ ನೀರು ಸ್ಪ್ರೇ ಮಾಡಿ. ಹಗಲಲ್ಲಿ ಕಣ್ಣು ಮುಚ್ಕೊಂಡು ಕೂತಿದ್ರೆ ಅದು ನಿದ್ದೆ ಅಲ್ಲ, ಕಾಯಿಲೆ, ತಕ್ಷಣ ಪಶುವೈದ್ಯರ ಹತ್ರ ಹೋಗಿ.

ಇನ್ನು ನಾನು ಮನಸಾರೆ ಹೇಳೋ ದಾರಿ, ಹಿತ್ತಲಲ್ಲೇ ಅದಕ್ಕೆ ಜಾಗ ಮಾಡಿಕೊಡೋದು. ಕಂಪೌಂಡ್ ಗೋಡೆ ಇದ್ರೂ ಅದರ ಪಕ್ಕ ಒಂದು ಹಸಿರು ಬೇಲಿ ಇರಲಿ, ದಾಸವಾಳ, ಲಕ್ಕಿ, ಪೇರಲೆ, ಕರಿಬೇವು ಏನಾದ್ರೂ ಸರಿ, ಆದ್ರೆ ಒಂದರ ಟೊಂಗೆ ಇನ್ನೊಂದಕ್ಕೆ ತಾಗಬೇಕು, ಯಾಕಂದ್ರೆ ನೆಲಕ್ಕಿಳಿದ ಗೋಸುಂಬೆ ನಾಯಿಗೋ ಬೆಕ್ಕಿಗೋ ಸಿಕ್ಕಿಬಿಡತ್ತೆ, ಓಡಿ ತಪ್ಪಿಸ್ಕೊಳ್ಳೋಕೆ ಅದಕ್ಕೆ ಆಗಲ್ಲ. ಮಳೆಗಾಲ ಮುಗಿದ ಮೇಲೆ ಬೇಲಿ ಸವರೋವಾಗ ಪೂರ್ತಿ ಒಂದೇ ದಿನ ಬೋಳಿಸ್ಬೇಡಿ, ಈ ವಾರ ಅರ್ಧ, ಆ ಕಡೆ ಚಿಗುರಿದ ಮೇಲೆ ಉಳಿದರ್ಧ. ಕತ್ತಿ ಹಾಕೋ ಮೊದಲು ಟೊಂಗೆ ಸ್ವಲ್ಪ ಅಲ್ಲಾಡಿಸಿ ನೋಡಿ.

ತರಕಾರಿಗೆ ಕೀಟನಾಶಕ ಹೊಡೀಲೇಬೇಕು ಅನ್ನೋರು ಬೇಲಿ ಕಡೆಗಾದ್ರೂ ಹೊಡೀಬೇಡಿ. ಮಿಡತೆ, ನೊಣ, ಹುಳ ಇಲ್ಲದ ಹಿತ್ತಲಲ್ಲಿ ಗೋಸುಂಬೆಗೆ ಊಟ ಇಲ್ಲ. ಮೈಗಿಂತ ಉದ್ದದ ನಾಲಿಗೆ ಚಾಚಿ ಮಿಡತೆ ಹಿಡಿಯೋದನ್ನ ಒಂದು ಸಲ ನೋಡಿದೋರು ಆಮೇಲೆ ಪಂಪ್ ಎತ್ಕೊಳ್ಳೋಕೆ ಯೋಚನೆ ಮಾಡ್ತಾರೆ.

ಬಿಸಿಲುಗಾಲದಲ್ಲಿ, ಮಾರ್ಚ್ ಏಪ್ರಿಲ್‌ನಲ್ಲಿ, ಗಿಡಕ್ಕೆ ನೀರು ಬಿಡೋವಾಗ ಪೈಪಿನ ಬಾಯಿಗೆ ಬೆರಳು ಒತ್ತಿ ಎಲೆ ಮೇಲೆ ಮಳೆ ಹನಿದ ಹಾಗೆ ಸಿಡಿಸಿ. ನಮ್ಮನೇಲಿ ಬೆಳಿಗ್ಗೆ ಏಳರ ಸುಮಾರಿಗೆ ಮಾಡ್ತೀವಿ. ಹೋದ ವರ್ಷ ಪೇರಲೆ ಗಿಡದಲ್ಲಿ ಒಂದು ಹೆಣ್ಣು ಇತ್ತು, ನೀರು ಬಿದ್ದ ಒಂದೆರಡು ನಿಮಿಷ ಸುಮ್ನಿದ್ದು ಆಮೇಲೆ ಎಲೆ ತುದಿಗೆ ಬಾಯಿ ಹಚ್ಚಿ ಒಂದೊಂದೇ ಹನಿ ಎಳ್ಕೊಳ್ತಿತ್ತು, ಗಂಟಲು ಸಣ್ಣಗೆ ಅಲ್ಲಾಡ್ತಿತ್ತು. ನಾನು ಪೈಪ್ ಹಿಡ್ಕೊಂಡು ಹಾಗೇ ನಿಂತ್ಬಿಟ್ಟಿದ್ದೆ.

ಬೇಲಿ ಬುಡದಲ್ಲಿ ಒಂದು ಚೂರು ಸಡಿಲ ಮಣ್ಣು ಅಗೆಯದೆ ಬಿಡಿ, ಹೆಣ್ಣು ಇಳಿದು ಬಂದು ಗುಂಡಿ ತೋಡಿ ಮೊಟ್ಟೆ ಇಟ್ಟು ಮುಚ್ಚಿ ಹೋಗತ್ತೆ, ಅದು ಮರಿಯಾಗೋಕೆ ತಿಂಗಳುಗಟ್ಟಲೆ ಬೇಕು. ಅಲ್ಲಿ ತರಗೆಲೆ ಸುಡಬೇಡಿ.

ರೋಡು ದಾಟೋದು ಕಂಡ್ರೆ ಕೈಯಲ್ಲಿ ಎತ್ತಬೇಡಿ, ಬಾಲವಂತೂ ಎಳೀಲೇಬೇಡಿ. ಉದ್ದ ಕೋಲೊಂದು ಅದರ ಮುಂದೆ ಇಡಿ, ತಾನೇ ಹತ್ತತ್ತೆ, ಅದು ಹೋಗ್ತಿದ್ದ ದಿಕ್ಕಿನ ಬೇಲಿಗೇ ಬಿಡಿ. ಮೈ ಕಪ್ಪಾಗಿ ಬಾಯಿ ತೆಗೆದು ಬುಸ್ ಅಂದ್ರೆ ಹೆದರಿದೆ ಅಂತ ಅರ್ಥ. ಬಣ್ಣ ಬದಲಾಗೋದು ಸಿಟ್ಟು, ಭಯ, ಬಿಸಿಲು, ಚಳಿಗೆ, ಕೆಂಪು ಬಟ್ಟೆ ಮೇಲಿಟ್ರೆ ಕೆಂಪಾಗತ್ತೆ ಅನ್ನೋದು ಸುಳ್ಳು. ಚರ್ಮದ ಜೀವಕೋಶದೊಳಗಿನ ಅತಿ ಸಣ್ಣ ಹರಳುಗಳ ನಡುವಿನ ಅಂತರ ಹೆಚ್ಚುಕಮ್ಮಿ ಆಗಿ ಬಣ್ಣ ಬದಲಾಗತ್ತೆ ಅಂತ 2015ರಲ್ಲಿ ಜಿನೀವಾದ ವಿಜ್ಞಾನಿಗಳು ಪ್ಯಾಂಥರ್ ಕೆಮಿಲಿಯನ್‌ನಲ್ಲಿ ತೋರಿಸಿದ್ರು. ಗಾಯ ಆಗಿದ್ರೆ ಮನೆಮದ್ದು ಹಚ್ಚೋಕೆ ಹೋಗದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ನಿಮ್ಮ ಬೇಲಿಗೆ ಬಂದಿದೆಯಾ ಅಂತ ತಿಳ್ಕೊಳ್ಳೋಕೆ ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡ್ಕೊಂಡು ಹೋಗಿ. ಹಗಲಲ್ಲಿ ಎಲೆ ಮಧ್ಯೆ ಕಾಣದ ಪ್ರಾಣಿ ರಾತ್ರಿ ಮೈ ಬಿಳಿಚಿಕೊಂಡು, ಟೊಂಗೆಯ ತೀರಾ ತುದಿಯಲ್ಲಿ, ಬಾಲ ಸುರುಳಿ ಸುತ್ತಿ ಮಲಗಿರತ್ತೆ, ಬೆಳಕು ಬಿದ್ದ ತಕ್ಷಣ ಕಾಣತ್ತೆ. ಮಕ್ಕಳಿಗೂ ತೋರಿಸಿ, ಎರಡು ನಿಮಿಷ ಸಾಕು, ಆಮೇಲೆ ಟಾರ್ಚ್ ಆಫ್ ಮಾಡಿ ಬನ್ನಿ, ಅದು ಮಲಗಲಿ.