ಅರ್ಧಕ್ಕೆ ನಿಲ್ಲಿಸಿದ ಮಾತು: ನಾಟಕದ ಸಾಲಿನಿಂದ ಕೃತಿಗೆ ಹೆಸರಿಡುವ ಬಗೆ

ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಮೊದಲ ಅಂಕದ ಎರಡನೆಯ ದೃಶ್ಯದಲ್ಲಿ ಕ್ಯಾಸಿಯಸ್, ಬ್ರೂಟಸನನ್ನು ಸೀಸರನ ಮೇಲೆ ಎತ್ತಿಕಟ್ಟುತ್ತ ಒಂದು ಮಾತು ಹೇಳುತ್ತಾನೆ: ‘ದೋಷವಿರುವುದು, ಪ್ರಿಯ ಬ್ರೂಟಸ್, ನಮ್ಮ ನಕ್ಷತ್ರಗಳಲ್ಲಿ ಅಲ್ಲ, ನಮ್ಮಲ್ಲೇ.’ ಜೆ. ಎಂ. ಬ್ಯಾರಿ 1917ರಲ್ಲಿ ಈ ಸಾಲಿನ ಸಂಬೋಧನೆಯನ್ನಷ್ಟೇ ಎತ್ತಿಕೊಂಡು ತಮ್ಮ ನಾಟಕಕ್ಕೆ ‘ಡಿಯರ್ ಬ್ರೂಟಸ್’ ಎಂದು ಹೆಸರಿಟ್ಟರು. ಬದುಕು ಇನ್ನೊಂದು ಅವಕಾಶ ಕೊಟ್ಟಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು ಎಂದು ಕೊರಗುವವರಿಗೆ ಮಾಯಾವನವೊಂದರಲ್ಲಿ ಆ ಅವಕಾಶ ಸಿಕ್ಕಿಯೂ, ಅವರಲ್ಲಿ ಹೆಚ್ಚಿನವರು ಹಳೆಯ ತಪ್ಪನ್ನೇ ಮಾಡುವ ಕಥೆ ಅದು. ಜಾನ್ ಗ್ರೀನ್ 2012ರಲ್ಲಿ ಅದೇ ಸಾಲನ್ನು ಬೇರೆ ಕಡೆ ಕತ್ತರಿಸಿ, ಕ್ಯಾನ್ಸರ್ ತಗುಲಿದ ಹದಿಹರೆಯದವರ ಕುರಿತ ಕಾದಂಬರಿಗೆ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಎಂದು ಕರೆದರು. ಬ್ಯಾರಿಯವರದು ಕ್ಯಾಸಿಯಸನ ಮಾತಿಗೆ ಒಪ್ಪಿಗೆಯಾದರೆ ಗ್ರೀನ್ ಅವರದು ಅದಕ್ಕೆ ತಕರಾರು. ಆ ಮಕ್ಕಳ ಕಾಯಿಲೆಗೆ ಅವರು ಹೊಣೆಯಲ್ಲ, ದೋಷ ನಕ್ಷತ್ರಗಳಲ್ಲೇ ಇದೆ.

ಮೂಲ ಒಂದೇ, ಕತ್ತರಿ ಬಿದ್ದ ಜಾಗ ಬೇರೆ. ನಾಟಕದ ಮಾತಿನಿಂದ ಶೀರ್ಷಿಕೆ ತೆಗೆಯಲು ಹೊರಟವರು ಮೊದಲು ಗಮನಿಸಬೇಕಾದದ್ದು ಇದನ್ನೇ. ಯಾವ ಪದಗಳನ್ನು ಮುಖಪುಟಕ್ಕೆ ತರುತ್ತೇವೆ ಎಂಬುದರಷ್ಟೇ, ಯಾವುದನ್ನು ಹೊರಗೆ ಬಿಡುತ್ತೇವೆ ಎಂಬುದೂ ಮುಖ್ಯ. ಬಿಟ್ಟ ಭಾಗವನ್ನು ಓದುಗನ ನೆನಪು ತುಂಬಿಕೊಳ್ಳುತ್ತದೆ, ಮತ್ತು ಶೀರ್ಷಿಕೆಯ ಕಸುವು ಬಹುಪಾಲು ಅಲ್ಲೇ ಇರುತ್ತದೆ.

ಆದ್ದರಿಂದ ಸೂಕ್ತಿಸಂಗ್ರಹಗಳಿಂದ ಸಾಲು ಹೆಕ್ಕುವುದನ್ನು ಬಿಡಿ. ನಾಟಕದ ಮಾತು ಕವಿತೆಯ ಸಾಲಿನಂತೆ ಒಂಟಿಯಲ್ಲ. ಅದನ್ನು ಒಬ್ಬ ಪಾತ್ರ ಇನ್ನೊಂದು ಪಾತ್ರಕ್ಕೆ, ಒಂದು ಸನ್ನಿವೇಶದಲ್ಲಿ, ಏನನ್ನೋ ಸಾಧಿಸಿಕೊಳ್ಳಲು ಆಡಿರುತ್ತದೆ, ಎದುರಿನವರು ಅದಕ್ಕೆ ಉತ್ತರವನ್ನೂ ಕೊಟ್ಟಿರುತ್ತಾರೆ. ‘ದ ಟೆಂಪೆಸ್ಟ್’ ನಾಟಕದ ಕೊನೆಯ ಅಂಕದಲ್ಲಿ, ದ್ವೀಪದಲ್ಲೇ ಬೆಳೆದ ಮಿರಾಂಡಾ ಹಡಗೊಡೆದು ಬಂದವರ ಗುಂಪನ್ನು ನೋಡಿ, ಇಂಥ ಜನರಿರುವ ಹೊಸ ಲೋಕ ಎಷ್ಟು ಚೆಂದ ಎಂದು ಉದ್ಗರಿಸುತ್ತಾಳೆ. ಅವಳ ಎದುರಿಗಿರುವವರಲ್ಲಿ ಅವಳ ತಂದೆಯ ರಾಜ್ಯ ಕಸಿದವನೂ ಇದ್ದಾನೆ, ಅದಕ್ಕೆ ಕೈಜೋಡಿಸಿದವನೂ ಇದ್ದಾನೆ. ತಂದೆ ಪ್ರಾಸ್ಪೆರೋ ಚುಟುಕಾಗಿ ಹೇಳುತ್ತಾನೆ: ‘ನಿನಗೆ ಹೊಸದು.’ ಆಲ್ಡಸ್ ಹಕ್ಸ್‌ಲಿ 1932ರ ತಮ್ಮ ಕಾದಂಬರಿಗೆ ‘ಬ್ರೇವ್ ನ್ಯೂ ವರ್ಲ್ಡ್’ ಎಂದು ಹೆಸರಿಟ್ಟಾಗ ಮುಖಪುಟದ ಮೇಲೆ ಬಂದದ್ದು ಮಗಳ ಉದ್ಗಾರವಾದರೂ, ಪುಸ್ತಕದ ಉದ್ದಕ್ಕೂ ಕೇಳಿಸುವುದು ತಂದೆಯ ಉತ್ತರ. ದೃಶ್ಯವನ್ನು ಓದದವನ ಕೈಗೆ ಈ ಎರಡನೆಯ ದನಿ ದಕ್ಕುವುದಿಲ್ಲ. ಸಾಲು ಮೆಚ್ಚಿಗೆಯಾದ ಕೂಡಲೇ ಅದರ ಹಿಂದಿನ ಹಾಗೂ ಮುಂದಿನ ಇಪ್ಪತ್ತು ಸಾಲುಗಳನ್ನು ನಿಮ್ಮ ಕೈಯಲ್ಲೇ ನಕಲು ಮಾಡಿಕೊಳ್ಳಿ; ಬರೆಯುವಾಗ ಕಣ್ಣು ತಪ್ಪಿಸಿಕೊಂಡದ್ದು ಕೈಗೆ ಸಿಗುತ್ತದೆ.

ಕತ್ತರಿಸುವ ಕೆಲಸವನ್ನು ಹತ್ತಿರದಿಂದ ನೋಡಲು ‘ಮ್ಯಾಕ್‌ಬೆತ್’ನ ಐದನೆಯ ಅಂಕದ ಐದನೆಯ ದೃಶ್ಯದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ರಾಣಿ ಸತ್ತಳೆಂಬ ಸುದ್ದಿ ಬರುತ್ತದೆ. ಮ್ಯಾಕ್‌ಬೆತ್ ಹತ್ತು ಹನ್ನೆರಡು ಸಾಲು ಮಾತನಾಡುತ್ತಾನೆ. ನಾಳೆ, ಮತ್ತೆ ನಾಳೆ, ಮತ್ತೆ ನಾಳೆ ಎಂದು ದಿನಗಳು ತೆವಳುತ್ತವೆ. ನಿನ್ನೆಗಳೆಲ್ಲ ಮೂರ್ಖರಿಗೆ ಮಣ್ಣುಗೂಡುವ ಸಾವಿನ ದಾರಿಗೆ ಬೆಳಕು ಹಿಡಿದಿವೆ. ಆರಿಹೋಗು, ಚಿಕ್ಕ ಹಣತೆಯೇ. ಬದುಕು ನಡೆದಾಡುವ ನೆರಳು, ಹೆಡ್ಡನೊಬ್ಬ ಹೇಳಿದ ಕಥೆ, ಸದ್ದು ಮತ್ತು ಆವೇಶದಿಂದ ತುಂಬಿದ್ದು, ಅರ್ಥ ಮಾತ್ರ ಏನೂ ಇಲ್ಲ. ಈ ಒಂದೇ ಮಾತಿನಿಂದ ರಾಬರ್ಟ್ ಫ್ರಾಸ್ಟ್ 1916ರಲ್ಲಿ ‘ಔಟ್, ಔಟ್—’ ಎಂಬ ಕವಿತೆಯ ಹೆಸರನ್ನು, ರೋಸ್ ಮೆಕಾಲೆ 1923ರಲ್ಲಿ ‘ಟೋಲ್ಡ್ ಬೈ ಆ್ಯನ್ ಈಡಿಯಟ್’ ಎಂಬುದನ್ನು, ವಿಲಿಯಂ ಫಾಕ್ನರ್ 1929ರಲ್ಲಿ ‘ದ ಸೌಂಡ್ ಅಂಡ್ ದ ಫ್ಯೂರಿ’ ಎಂಬುದನ್ನು, ಹಕ್ಸ್‌ಲಿ 1930ರಲ್ಲಿ ‘ಬ್ರೀಫ್ ಕ್ಯಾಂಡಲ್ಸ್’ ಎಂಬುದನ್ನು, ಆಲಿಸ್ಟರ್ ಮೆಕ್‌ಲೀನ್ 1973ರಲ್ಲಿ ‘ದ ವೇ ಟು ಡಸ್ಟಿ ಡೆತ್’ ಎಂಬುದನ್ನು ಪಡೆದರು. 2022ರಲ್ಲಿ ಗೇಬ್ರಿಯೆಲ್ ಜೆವಿನ್ ಆ ಮೂರು ‘ನಾಳೆ’ಗಳನ್ನೂ ಹಾಗೆಯೇ ಎತ್ತಿಕೊಂಡರು.

ಇವುಗಳಲ್ಲಿ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಫ್ರಾಸ್ಟ್ ಅವರ ಕವಿತೆಯಲ್ಲಿ ಮರ ಕೊಯ್ಯುವ ಯಂತ್ರಕ್ಕೆ ಕೈ ಸಿಕ್ಕಿ ಹುಡುಗನೊಬ್ಬ ಸಾಯುತ್ತಾನೆ, ಉಳಿದವರು ತಮ್ಮ ಕೆಲಸಕ್ಕೆ ತಿರುಗುತ್ತಾರೆ. ಶೀರ್ಷಿಕೆ ಎರಡೇ ಪದಕ್ಕೆ ನಿಂತು ಅಡ್ಡಗೆರೆಯಲ್ಲಿ ಮುಗಿಯುತ್ತದೆ; ‘ಚಿಕ್ಕ ಹಣತೆಯೇ’ ಎಂಬ ಭಾಗ ಅಲ್ಲಿಲ್ಲ, ಏಕೆಂದರೆ ಆ ಹಣತೆ ಕವಿತೆಯೊಳಗಿನ ಹುಡುಗ. ಫಾಕ್ನರ್ ಅವರ ಕಾದಂಬರಿಯ ಮೊದಲ ಭಾಗವನ್ನು ಬುದ್ಧಿ ಬೆಳೆಯದ ಬೆಂಜಿ ಎಂಬಾತ ನಿರೂಪಿಸುತ್ತಾನೆ, ಅಂದರೆ ‘ಹೆಡ್ಡನು ಹೇಳಿದ ಕಥೆ’ ಎಂಬುದು ಅಲ್ಲಿ ಅಕ್ಷರಶಃ ನಡೆಯುತ್ತದೆ. ಹಾಗಿದ್ದೂ ಅವರು ಆ ಪದಗಳನ್ನು ಮುಟ್ಟದೆ ಅವುಗಳ ಪಕ್ಕದ ಪದಗಳನ್ನು ಆರಿಸಿದರು. ಜೆವಿನ್ ಅವರ ಪಾತ್ರಗಳು ವಿಡಿಯೋ ಗೇಮ್ ತಯಾರಿಸುವವರು. ಆಟದಲ್ಲಿ ಸತ್ತವನು ಮತ್ತೆ ಮೊದಲಿನಿಂದ ಶುರುಮಾಡಬಹುದಾದ್ದರಿಂದ, ಮ್ಯಾಕ್‌ಬೆತ್‌ನಿಗೆ ಹೊರಲಾರದ ಹೊರೆಯಾಗಿದ್ದ ‘ನಾಳೆ’ ಅಲ್ಲಿ ಭರವಸೆಯಾಗಿ ತಿರುಗುತ್ತದೆ. ನಾನು ಇದರಿಂದ ತೆಗೆದುಕೊಂಡ ಸೂತ್ರ ಇಷ್ಟು: ಕೃತಿಯೊಳಗೆ ತಾನಾಗಿ ನಡೆಯುವುದನ್ನು ಶೀರ್ಷಿಕೆಯಲ್ಲಿ ಹೇಳಬಾರದು, ಅದರ ನೆರೆಯ ಪದವನ್ನು ಹೇಳಿ, ಇದನ್ನು ಕೃತಿಗೇ ಬಿಡಬೇಕು. ಮೆಕಾಲೆಯವರ ಆಯ್ಕೆ ಸಾಲಿನ ಅತಿ ಗಟ್ಟಿ ದನಿಯ ತುಂಡಾಗಿದ್ದರೂ, ಫಾಕ್ನರ್ ಅವರದರ ಮುಂದೆ ನನಗೆ ಅದು ಕೊಂಚ ಸಪ್ಪೆಯಾಗಿ ಕಾಣುವುದು ಇದೇ ಕಾರಣಕ್ಕೆ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಹೆಚ್ಚಿನ ಎಚ್ಚರ ವಹಿಸಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದವೂ ನಿಷೇಧವೂ ಕೊನೆಗೆ ಬರುತ್ತವೆ. ಕ್ಯಾಸಿಯಸನ ಮಾತನ್ನು ‘ದೋಷ ನಮ್ಮ ನಕ್ಷತ್ರಗಳಲ್ಲಿ’ ಎಂಬಲ್ಲಿಗೆ ನಿಲ್ಲಿಸಿದರೆ ಸಾಕು, ‘ಅಲ್ಲ’ ಎಂಬುದು ತಾನೇ ಉದುರಿ ಅರ್ಥ ತಲೆಕೆಳಗಾಗುತ್ತದೆ. ಇಂಗ್ಲಿಷಿನಲ್ಲಿ ಗ್ರೀನ್ ಅವರು ನಡುವಿನ ಪದಗಳನ್ನು ತೆಗೆದು ಹಾಕಿ ಸಾಧಿಸಿದ್ದನ್ನು ಕನ್ನಡದ ವ್ಯಾಕರಣ ಪುಕ್ಕಟೆಯಾಗಿ ಕೊಡುತ್ತದೆ. ಬೇಕಾದಾಗ ಇದು ವರ, ಬೇಡವಾದಾಗ ಬಲೆ. ಇನ್ನೊಂದು ತೊಡಕು ವಿಭಕ್ತಿಯದು. ‘ನಕ್ಷತ್ರಗಳಲ್ಲಿ’ ಎಂದು ಪ್ರತ್ಯಯದ ಮೇಲೆ ನಿಂತ ಶೀರ್ಷಿಕೆ ಮುಂದಿನ ಪದಕ್ಕಾಗಿ ಕಾಯುತ್ತಿರುತ್ತದೆ, ‘ನಕ್ಷತ್ರದೋಷ’ ಎಂದು ಸಮಾಸ ಮಾಡಿದರೆ ಬಾಗಿಲು ಮುಚ್ಚಿದಂತಾಗಿ ಮೂಲದ ಮಾತಿನ ಲಯ ಪೂರ್ತಿ ಹೋಗುತ್ತದೆ. ಕಾಯುವ ಶೀರ್ಷಿಕೆಯೇ ಸಾಮಾನ್ಯವಾಗಿ ಮೇಲು.

ವಾಕ್ಯ ಮುಗಿಯುವ ಮೊದಲೇ ನಿಂತರೆ ಏನಾಗುತ್ತದೆ ಎಂಬುದಕ್ಕೆ ‘ರಿಚರ್ಡ್ III’ ನಾಟಕದ ಮೊದಲ ಸಾಲೇ ಉದಾಹರಣೆ. ‘ನಮ್ಮ ಅತೃಪ್ತಿಯ ಚಳಿಗಾಲ’ ಯಾರ್ಕ್ ಮನೆತನದ ಸೂರ್ಯನಿಂದ ಉಜ್ವಲ ಬೇಸಿಗೆಯಾಯಿತು ಎಂಬುದು ಪೂರ್ತಿ ವಾಕ್ಯ, ಅಂದರೆ ಚಳಿಗಾಲ ಕಳೆದಿದೆ. ಪದ್ಯದ ಸಾಲು ಮಾತ್ರ ‘ಅತೃಪ್ತಿ’ ಎಂಬಲ್ಲಿ ಮುಗಿದು ಬೇಸಿಗೆ ಮುಂದಿನ ಸಾಲಿಗೆ ಹೋಗುವುದರಿಂದ ಜನರ ಬಾಯಲ್ಲಿ ಚಳಿಗಾಲವಷ್ಟೇ ಉಳಿಯಿತು. ಜಾನ್ ಸ್ಟೈನ್‌ಬೆಕ್ 1961ರ ತಮ್ಮ ಕಾದಂಬರಿಗೆ ಆ ತುಂಡನ್ನೇ ಹೆಸರಾಗಿಟ್ಟರು. 1978–79ರ ಚಳಿಗಾಲದಲ್ಲಿ ಬ್ರಿಟನ್ನಿನಲ್ಲಿ ಸರಣಿ ಮುಷ್ಕರಗಳಾದಾಗ ಆ ಕಾಲಕ್ಕೂ ಅದೇ ಹೆಸರು ಅಂಟಿತು. ಅರ್ಥ ತಿರುಗಿದ್ದಕ್ಕೆ ಮೂಗು ಮುರಿಯಬೇಕಿಲ್ಲ. ತಿರುಗಿದೆ ಎಂಬುದು ಹೆಸರಿಡುವವರಿಗೆ ಗೊತ್ತಿರಬೇಕು, ಅಷ್ಟೇ.

ಇದಾದ ಮೇಲೆ ಶೀರ್ಷಿಕೆಯನ್ನು ನಾಟಕದ ಗಂಧವಿಲ್ಲದ ಒಬ್ಬರಿಗೆ ಓದಿ ಹೇಳಿ. ಮೂಲ ಗೊತ್ತಿರುವವರಿಗೆ ಮಾತ್ರ ಬಾಗಿಲು ತೆರೆಯುವ ಹೆಸರು ಕೆಟ್ಟ ಹೆಸರು. ‘ಮ್ಯಾಕ್‌ಬೆತ್’ನ ನಾಲ್ಕನೆಯ ಅಂಕದ ಆರಂಭದಲ್ಲಿ ಎರಡನೆಯ ಮಾಟಗಾತಿ, ತನ್ನ ಹೆಬ್ಬೆರಳುಗಳು ಚುಚ್ಚುತ್ತಿವೆ, ಏನೋ ಕೇಡು ಇತ್ತ ಬರುತ್ತಿದೆ ಎಂದು ಪ್ರಾಸಬದ್ಧವಾಗಿ ಎರಡು ಸಾಲು ಹೇಳುತ್ತಾಳೆ. ರೇ ಬ್ರಾಡ್‌ಬರಿ 1962ರಲ್ಲಿ ಎರಡನೆಯ ಸಾಲನ್ನೂ ಅಗಾಥಾ ಕ್ರಿಸ್ಟಿ 1968ರಲ್ಲಿ ಮೊದಲನೆಯದನ್ನೂ ಇಡಿಯಾಗಿ ಶೀರ್ಷಿಕೆ ಮಾಡಿಕೊಂಡರು. ನಾಟಕದ ಹೆಸರು ಕೇಳದವನಿಗೂ ಈ ಎರಡೂ ಬೆನ್ನಲ್ಲಿ ಚಳುಕು ಹುಟ್ಟಿಸುತ್ತವೆ. ಇಡೀ ವಾಕ್ಯವನ್ನೇ ಇಟ್ಟು ಗೆದ್ದವರೂ ಇದ್ದಾರೆ: ‘ಹ್ಯಾಮ್ಲೆಟ್’ನ ಕೊನೆಯಲ್ಲಿ ಇಂಗ್ಲೆಂಡಿನ ರಾಯಭಾರಿ ತಡವಾಗಿ ತರುವ ವರದಿಯನ್ನು ಟಾಮ್ ಸ್ಟಾಪರ್ಡ್ 1966ರ ತಮ್ಮ ನಾಟಕಕ್ಕೆ ‘ರೋಸೆನ್‌ಕ್ರಾಂಟ್ಸ್ ಅಂಡ್ ಗಿಲ್ಡೆನ್‌ಸ್ಟರ್ನ್ ಆರ್ ಡೆಡ್’ ಎಂದು ಇಟ್ಟದ್ದರಿಂದ, ಪರದೆ ಏಳುವ ಮೊದಲೇ ನಾಯಕರ ಗತಿ ಪ್ರೇಕ್ಷಕನಿಗೆ ಗೊತ್ತು, ನಾಯಕರಿಗೆ ಮಾತ್ರ ಗೊತ್ತಿಲ್ಲ.

ಬಹಳ ಪ್ರಸಿದ್ಧ ಸಾಲೇ ಬೇಕೆಂದಿಲ್ಲ. ಪ್ರಸಿದ್ಧ ಮಾತು ಸವೆದ ನಾಣ್ಯದಂತೆ ಬೇಗ ಕೈ ಬದಲಾಗುತ್ತದೆ, ಮುದ್ರೆ ಅಳಿಸಿರುತ್ತದೆ. ಟೆನೆಸ್ಸಿ ವಿಲಿಯಮ್ಸ್ ಅವರ 1947ರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕದಲ್ಲಿ ಬ್ಲಾಂಚ್, ತಾನು ಸದಾ ಅಪರಿಚಿತರ ದಯೆಯನ್ನೇ ನಂಬಿದವಳು ಎಂದು ಹೇಳಿ ವೈದ್ಯನ ತೋಳು ಹಿಡಿದು ಹೊರಡುತ್ತಾಳೆ. ಆ ‘ಅಪರಿಚಿತರ ದಯೆ’ ಮುಂದೆ ವಿಲಿಯಮ್ಸ್ ಅವರದೇ ಜೀವನಚರಿತ್ರೆಗೆ, ತೊರೆದುಹೋದ ಮಕ್ಕಳ ಕುರಿತ ಇತಿಹಾಸಗ್ರಂಥಕ್ಕೆ, 2019ರ ಒಂದು ಚಲನಚಿತ್ರಕ್ಕೆ ಹೆಸರಾಯಿತು. ಹುಚ್ಚಾಸ್ಪತ್ರೆಗೆ ಹೊರಟವಳ ಮಾತು ಅದು ಎಂಬ ಇರಿತ ಪ್ರತಿ ಬಳಕೆಯಲ್ಲೂ ಉಳಿದಿದೆ ಎನ್ನಲಾಗದು. ಇದಕ್ಕೆ ಎದುರಾಗಿ ಸ್ಪೇನಿನ ಹಾವಿಯೆರ್ ಮಾರಿಯಾಸ್ 1992ರಲ್ಲಿ, ಕೊಲೆಯ ಬಳಿಕ ಲೇಡಿ ಮ್ಯಾಕ್‌ಬೆತ್ ಗಂಡನನ್ನು ಹಂಗಿಸುವ ಮಾತಿನಿಂದ ‘ಇಷ್ಟು ಬಿಳಿಚಿದ ಹೃದಯ’ ಎಂಬ ಅಷ್ಟೇನೂ ಪರಿಚಿತವಲ್ಲದ ತುಂಡನ್ನು ಆರಿಸಿದರು. ನನ್ನ ಕೈಯೂ ನಿನ್ನದರಂತೆ ಕೆಂಪಾಗಿದೆ, ಆದರೆ ಇಷ್ಟು ಬಿಳಿಚಿದ ಹೃದಯ ಹೊರಲು ನನಗೆ ನಾಚಿಕೆ ಎನ್ನುತ್ತಾಳೆ ಅವಳು. ಕೆಂಪನ್ನು ಬಿಟ್ಟು ಬಿಳಿಯನ್ನು ತೆಗೆದುಕೊಂಡ ಆ ಶೀರ್ಷಿಕೆಯಲ್ಲಿ ಕೊಲೆಯ ಸುಳಿವು ಹೊರಗೆ ಕಾಣುವುದೇ ಇಲ್ಲ.

ಆರಿಸಿದ ಮೇಲೆ ನಾಟಕದ ಮೂಲಪಾಠವನ್ನು ನೋಡಿಯೇ ತೀರಬೇಕು, ನೆನಪಿನಿಂದ ಬರೆಯಬಾರದು. ಹ್ಯಾಮ್ಲೆಟ್ ತಲೆಬುರುಡೆ ಹಿಡಿದು ‘ನಾನವನನ್ನು ಚೆನ್ನಾಗಿ ಬಲ್ಲೆ’ ಎನ್ನುತ್ತಾನೆಂದು ನಂಬಿದವರು ಬಹಳ; ನಾಟಕದಲ್ಲಿರುವುದು ‘ಅವನನ್ನು ಬಲ್ಲೆ, ಹೊರೇಷಿಯೋ’ ಎಂದಷ್ಟೇ. ನೈದಿಲೆಗೆ ಚಿನ್ನದ ಲೇಪ ಹಾಕುವ ಮಾತು ‘ಕಿಂಗ್ ಜಾನ್’ನಲ್ಲಿಲ್ಲ, ಅಲ್ಲಿ ಚಿನ್ನಕ್ಕೆ ಲೇಪ, ನೈದಿಲೆಗೆ ಬಣ್ಣ. ಮುದ್ರಿತ ಪ್ರತಿಗಳಲ್ಲೂ ವ್ಯತ್ಯಾಸವಿದೆ: ಹ್ಯಾಮ್ಲೆಟ್‌ನ ಮೊದಲ ಸ್ವಗತದಲ್ಲಿ ಅವನ ದೇಹ 1623ರ ಫೋಲಿಯೋದಲ್ಲಿ, ಅಂದರೆ ನಾಟಕಗಳ ಮೊದಲ ಸಂಗ್ರಹ ಮುದ್ರಣದಲ್ಲಿ, ‘ಗಟ್ಟಿ’ಯಾಗಿದ್ದರೆ, ಅದಕ್ಕಿಂತ ಹಳೆಯ ಕ್ವಾರ್ಟೋವನ್ನು, ಅಂದರೆ ಬಿಡಿ ನಾಟಕದ ಚಿಕ್ಕ ಮುದ್ರಣವನ್ನು, ಆಧರಿಸಿದ ಆವೃತ್ತಿಗಳಲ್ಲಿ ‘ಮಲಿನ’ವಾಗಿರುತ್ತದೆ. ನಿಮ್ಮ ಶೀರ್ಷಿಕೆ ಅಂಥ ಪದದ ಮೇಲೆ ನಿಂತಿದ್ದರೆ ಯಾವ ಪಾಠ ಎಂದು ತೀರ್ಮಾನಿಸಿಕೊಳ್ಳಿ. ಜೊತೆಗೆ ಗ್ರಂಥಾಲಯದ ಸೂಚಿಯಲ್ಲಿ ಅದೇ ಹೆಸರು ಹುಡುಕಿ. ಹಲವು ದೇಶಗಳಲ್ಲಿ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವಾದ್ದರಿಂದ ಪುನರಾವರ್ತನೆಗೆ ತಡೆಯಿರದಿದ್ದರೂ, ಸರಣಿಯ ಹೆಸರು ಟ್ರೇಡ್‌ಮಾರ್ಕ್ ಆಗಿರುವುದುಂಟು.

ಮೂಲವನ್ನು ಓದುಗನಿಗೆ ತಿಳಿಸಬೇಕೇ ಎಂಬುದು ಕೊನೆಯ ಪ್ರಶ್ನೆ. ಮೊದಲ ಪುಟದಲ್ಲೇ ಸಾಲುಗಳನ್ನು ಅಚ್ಚುಹಾಕುವುದು ಸುಲಭದ ದಾರಿ. ನನಗೆ ಹಕ್ಸ್‌ಲಿಯವರ ದಾರಿ ಹೆಚ್ಚು ಇಷ್ಟ. ‘ಬ್ರೇವ್ ನ್ಯೂ ವರ್ಲ್ಡ್’ನ ಜಾನ್ ಎಂಬ ಪಾತ್ರ ಶೇಕ್ಸ್‌ಪಿಯರನನ್ನು ಓದಿ ಬೆಳೆದವನು. ಮಿರಾಂಡಾಳ ಮಾತನ್ನು ಮೊದಲು ಹಿಗ್ಗಿನಿಂದ, ಆಮೇಲೆ ಅಸಹ್ಯದಿಂದ ಅವನೇ ಆಡುತ್ತಾನೆ. ಅನುವಾದಕರ ಪಾಡು ಬೇರೆ. ಆ ಕಾದಂಬರಿಯ ಫ್ರೆಂಚ್ ಅನುವಾದಕ್ಕೆ ಮಿರಾಂಡಾಳ ಮಾತನ್ನು ಬಿಟ್ಟು, ವಾಲ್ಟೇರನ ‘ಕಾಂದೀದ್’ ಓದಿದ ಫ್ರೆಂಚರ ಕಿವಿಯಲ್ಲಿ ಮೊದಲೇ ಇದ್ದ ‘ಲೋಕಗಳಲ್ಲೆಲ್ಲ ಅತ್ಯುತ್ತಮ’ ಎಂಬ ವ್ಯಂಗ್ಯದ ಮಾತನ್ನು ಹೆಸರಾಗಿಟ್ಟರು. ಪದ ಹೋಯಿತು, ಚುಚ್ಚು ಉಳಿಯಿತು. ಕನ್ನಡಕ್ಕೆ ತರುವವರೂ ಹೀಗೆ ನಮ್ಮ ನಾಟಕ, ಕಾವ್ಯಗಳ ಪರಿಚಿತ ಮಾತೊಂದು ಆ ಚುಚ್ಚನ್ನು ಹೊರಬಲ್ಲದೇ ಎಂದು ಮೊದಲು ನೋಡಬೇಕು, ಪದಶಃ ಅನುವಾದ ಆಮೇಲಿನದು.

ಮೂಲವನ್ನು ನೋಡದೆ ಅನುವಾದವನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದನ್ನು ನಬೊಕೊವ್ 1962ರ ತಮ್ಮ ‘ಪೇಲ್ ಫೈರ್’ ಕಾದಂಬರಿಯಲ್ಲಿ ಆಟವಾಗಿಸಿದ್ದಾರೆ. ಚಂದ್ರ ಕಳ್ಳ, ಸೂರ್ಯನಿಂದ ತನ್ನ ಮಸುಕು ಬೆಂಕಿಯನ್ನು ಕದಿಯುತ್ತಾನೆ ಎಂಬ ಮಾತು ‘ಟೈಮನ್ ಆಫ್ ಅಥೆನ್ಸ್’ನದು. ಕಾದಂಬರಿಯೊಳಗಿನ ವ್ಯಾಖ್ಯಾನಕಾರ ಕಿನ್‌ಬೋಟನಿಗೆ ಈ ಹೆಸರು ಶೇಕ್ಸ್‌ಪಿಯರನಿಂದ ಬಂದದ್ದು ಎಂದು ಗೊತ್ತು, ಯಾವ ನಾಟಕದಿಂದ ಎಂದು ಗೊತ್ತಿಲ್ಲ. ಅವನ ಬಳಿ ಇರುವುದು ಒಂದೇ ಪುಟ್ಟ ಪುಸ್ತಕ, ಅದು ‘ಟೈಮನ್’ನದೇ ಅನುವಾದ, ಆ ಅನುವಾದದಲ್ಲಿ ‘ಮಸುಕು ಬೆಂಕಿ’ಗೆ ಸಮನಾದ ಪದವೇ ಇಲ್ಲವಾದ್ದರಿಂದ, ಇದರಲ್ಲಂತೂ ಇರಲಾರದು ಎಂದು ಅವನು ಪುಸ್ತಕವನ್ನು ಪಕ್ಕಕ್ಕಿಡುತ್ತಾನೆ.